ಗೆನೊವೇಫಾ ಬಿಡದ ಜಾಗ

ಗೆನೊವೇಫಾಳ ಅಜ್ಜ ರಷ್ಯಾದ ಝಾರ್ ದೊರೆಯ ಕುದುರೆಪಡೆಗೆ ಕುಡುಗೋಲು ಹಿಡಿದು ಎದುರು ನಿಂತವನು. ಅಪ್ಪ ಜರ್ಮನರ ಬಂದೂಕಿಗೆ ಎದೆಯೊಡ್ಡಿ ನಿಂತವನು. ನಮ್ಮ ಓಣಿಯ ಈ ಮುದುಕಿಯ ಪಾಲಿಗೆ ಬಂದದ್ದು ಮಾಂಸದಂಗಡಿಯ ಮುಂದಿನ ಸಾಲು. ಸರ್ಕಾರಿ ಅಂಗಡಿಗಳೆಲ್ಲ ಬರಿದಾದ ನಮ್ಮ ಪೋಲೆಂಡಿನಲ್ಲಿ ಸಾಲು ಕಂಡರೆ ಮೊದಲು ನಿಲ್ಲಬೇಕು, ಏನು ಸಿಗುತ್ತದೆಂದು ಆಮೇಲೆ ಕೇಳಬೇಕು. ಪಾದ್ರಿಯ ಆಶೀರ್ವಾದಕ್ಕೆ ಒಯ್ಯುವ ಈಸ್ಟರ್ ಬುಟ್ಟಿಯಲ್ಲಿ ಸಾಸೇಜಿನ ತುಂಡಿಲ್ಲದಿದ್ದರೆ ಮುಖ ತೋರಿಸುವುದು ಹೇಗೆ? ಕಾಲು ಬಾತರೂ ಮಧ್ಯಾಹ್ನದವರೆಗೆ ನಿಂತಳು.

ಕೊನೆಗೆ ನಿರ್ದೇಶಕನೇ ಬಂದ. “ಅಜ್ಜಿ, ಇದು ನಗೆ ಸಿನಿಮಾದ ಶೂಟಿಂಗು. ನಿಮ್ಮ ಮುಂದಿರೋರೆಲ್ಲ ನಟರು, ಆ ಸಾಸೇಜು ಗಾರೇದು. ಬನ್ನಿ, ಕಾರಲ್ಲಿ ಮನೆಗೆ ಬಿಡ್ತೀನಿ.”

“ಬ್ಯಾಡಪ್ಪ, ನಿನ್ನ ಕಾರು ನೀನೇ ಇಟ್ಕೊ. ನನ್ನ ಹಿಂದೆ ಸಾಲಲ್ಲಿ ಅರ್ಧ ಊರೇ ನಿಂತೈತೆ ನೋಡು. ಇಷ್ಟು ಜನಾನ ಕಂಡು ಸರ್ಕಾರ ನಾಚ್ಕೊಂಡಾದ್ರೂ ಏನಾರ ತಂದು ಹಾಕ್ತದೆ. ನಾ ಜಾಗ ಬಿಡಾಕಿಲ್ಲ.”