ಗಂಗಪ್ಪ ಕುಡಿತ ಬಿಟ್ಟ ಸುದ್ದಿ

ಹೆಬ್ಬಗೋಡಿಯ ಆ ವಠಾರದಲ್ಲಿ ಗಂಗಪ್ಪನಷ್ಟು ದೊಡ್ಡ ಕುಡುಕ ಇನ್ನೊಬ್ಬನಿಲ್ಲ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕೆಲಸ ಮುಗಿಸಿ ಬರುವಾಗ ಅವನು ಹೊಸೂರು ರಸ್ತೆ ಪಕ್ಕದ ವೈನ್ ಶಾಪಿನ ಸಾಲಿನಲ್ಲಿ ನಿಂತಿರುವುದನ್ನು ಎಲ್ಲರೂ ನೋಡಿದ್ದರು. ಅಂಗಿಯ ಜೇಬಿನಲ್ಲಿ ವಿಸ್ಕಿ ಪಾಕೀಟು ಉಬ್ಬಿರುವುದನ್ನೂ ನೋಡಿದ್ದರು. ತೂರಾಡಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಅದಕ್ಕೂ ವಠಾರದ ಒಡತಿ ಮರಿಯಮ್ಮನ ಬಳಿ ಉತ್ತರವಿತ್ತು. "ಹಳೇ ಕುಡುಕ, ಮೈಗೆ ಒಗ್ಗೋಗೈತೆ."

ಗಂಗಪ್ಪ ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವನಲ್ಲ. ಕುಡಿಯುತ್ತಿದ್ದವಳು ಅವನ ಹೆಂಡತಿ ಹನುಮವ್ವ.

ಗಂಡ ಹೆಂಡತಿ ಕುಷ್ಟಗಿ ಕಡೆಯಿಂದ ಬಂದಾಗ ಎಲೆಕ್ಟ್ರಾನಿಕ್ ಸಿಟಿಯ ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ಗಂಗಪ್ಪ ಕಂಬಿ ಕಟ್ಟುತ್ತಿದ್ದ, ಹನುಮವ್ವ ಕಾಂಕ್ರೀಟ್ ಹೊರುತ್ತಿದ್ದಳು. ತಾರಸಿಗೆ ಮೋಲ್ಡ್ ಹಾಕುವ ದಿನ ಮೇಸ್ತ್ರಿ ಎಲ್ಲರಿಗೂ ಬಿರಿಯಾನಿ, ಗಂಡಸರಿಗೆ ಒಂದೊಂದು ಪಾಕೀಟು ವಿಸ್ಕಿ ಕೊಡಿಸುವುದು ವಾಡಿಕೆ. ಅಂಥ ಒಂದು ದಿನ ಹನುಮವ್ವ ಭುಜ ಎತ್ತಲಾಗದೆ ಮರಳಿನ ರಾಶಿಯ ಮೇಲೆ ಕೂತುಬಿಟ್ಟಳು. "ಔಸ್ದಿ ಅಂತ ತಗಳಮ್ಮ, ನೋವು ಹೋಯ್ತದೆ" ಎಂದು ಮೇಸ್ತ್ರಿ ಅವಳಿಗೂ ಒಂದು ಕೊಟ್ಟ. ನೋವು ಹೋಯಿತು. ತೊಂದರೆ ಆಗಿದ್ದೇ ಅಲ್ಲಿ. ಹೋಗದೇ ಇದ್ದಿದ್ದರೆ ಅವಳು ಎಣ್ಣೆ ಹಚ್ಚಿಕೊಂಡು ಮಲಗಿಬಿಡುತ್ತಿದ್ದಳು.

ಮೊದಮೊದಲು ಮೋಲ್ಡ್ ಹಾಕಿದ ದಿನ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ದಿನಾ. ಒಂದು ಸಂಜೆ ಅವಳೇ ಅಂಗಡಿಗೆ ಹೋದಾಗ ಸಾಲಿನಲ್ಲಿದ್ದ ಗಂಡಸರು ಸಿಳ್ಳೆ ಹಾಕಿದರು, ಒಬ್ಬ ಫೋನಿನಲ್ಲಿ ವಿಡಿಯೊ ಮಾಡಿದ. ಮನೆಗೆ ಬಂದು ಹೇಳಿದಾಗ ಗಂಗಪ್ಪ ಚಪ್ಪಲಿಯ ಮಣ್ಣು ಕೆರೆಯುತ್ತ ಕೂತಿದ್ದ.

"ನಾಳಿಂದ ನಾ ತರ್ತೀನಿ. ನೀ ಅಲ್ಲಿ ಹೋಗಬ್ಯಾಡ" ಎಂದ.

ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತಲ್ಲ ಎಂದು ಹನುಮವ್ವನಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಮುಂದೆ ಅವಳಿಗೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹೌಸ್‌ಕೀಪಿಂಗ್ ಕೆಲಸ ಸಿಕ್ಕಿತು. ಬಾಯಲ್ಲಿ ಸದಾ ಲವಂಗ. ಅದನ್ನೂ ಮೀರಿ ವಾಸನೆ ಬಂದರೆ ಅಲ್ಲಿಯವರು ಕೈಗೆ ಹಚ್ಚುವ ಸ್ಯಾನಿಟೈಸರ್ ಇರಬೇಕು ಅಂದುಕೊಳ್ಳುತ್ತಿದ್ದರು. ಇಷ್ಟು ಚೊಕ್ಕ ಹೆಂಗಸು ಇನ್ನೊಬ್ಬಳಿಲ್ಲ ಎಂದು ಸೂಪರ್‌ವೈಸರ್ ಹೊಗಳಿದ್ದೂ ಇದೆ.

ಹೀಗೆ ನಡೆದುಹೋಗುತ್ತಿರುವಾಗ ಗಂಗಾವತಿಗೆ ಕೊಟ್ಟಿದ್ದ ಮಗಳು ಶೈಲಶ್ರೀ ಬಸುರಾದಳು. ಏಳನೇ ತಿಂಗಳಲ್ಲಿ ಫೋನ್ ಮಾಡಿ, "ಯವ್ವಾ, ಬಾಣಂತನಕ್ಕ ನಿನ್ ಕಡೆ ಬರ್ಲೇನು?" ಎಂದು ಕೇಳಿದಳು.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಬರಲೇ ಎಂದು ಯಾರೂ ಕೇಳುವುದಿಲ್ಲ. ಯಾಕೆ ಕೇಳಿದಳು ಎಂಬುದು ಹನುಮವ್ವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ಬಾ" ಎಂದು ಫೋನಿಟ್ಟವಳು ಅಂದೇ ಕುಡಿತ ಬಿಟ್ಟಳು. ಗಂಗಪ್ಪ ತಂದ ಪಾಕೀಟನ್ನು ಬಚ್ಚಲಿಗೆ ಸುರಿದಳು. ಗಂಗಪ್ಪ ಹನುಮಪ್ಪನ ಪಟಕ್ಕೆ ಊದುಬತ್ತಿ ಹಚ್ಚಿದ.

ಮರುದಿನ ಕೈ ನಡುಗಿ ಚಹಾ ಚೆಲ್ಲಿತು. ಅದರ ಮರುದಿನ ಏಸಿಯಲ್ಲೂ ಸೀರೆ ಬೆವರಿನಿಂದ ತೊಯ್ದಿತು. ಕಂಪನಿಯ ಬಾತ್‌ರೂಮಿನ ಕನ್ನಡಿ ಒರೆಸುತ್ತಿದ್ದಾಗ ಅದರ ತುಂಬ ಇರುವೆ ಹರಿಯುತ್ತಿರುವಂತೆ ಕಂಡಿತು. ಎಷ್ಟು ಒರೆಸಿದರೂ ಹೋಗಲಿಲ್ಲ. ಅಲ್ಲೇ ಫಿಟ್ಸ್ ಬಂದು ಬಿದ್ದಳು.

ಕಣ್ಣು ಬಿಟ್ಟಾಗ ಸರ್ಕಾರಿ ಆಸ್ಪತ್ರೆಯ ಮಂಚದ ಮೇಲಿದ್ದಳು. ಪಕ್ಕದಲ್ಲಿ ಎಳೆಯ ವಯಸ್ಸಿನ ಡಾಕ್ಟರೊಬ್ಬರು ಗಂಗಪ್ಪನನ್ನು ವಿಚಾರಿಸುತ್ತಿದ್ದರು.

"ಎಷ್ಟು ವರ್ಷದಿಂದ ಕುಡೀತಿದೀರಾ?"

"ನಾ ಕುಡಿಯಂಗಿಲ್ರಿ."

"ಮುಚ್ಚಿಡ್ಬೇಡಿ. ಮನೇಲಿ ಕುಡಿತ ಇದೆ ಅಂತ ನೀವೇ ಹೇಳಿದ್ರಿ. ಹೊಡೆದ್ರಾ ಇವ್ರಿಗೆ? ತಲೆಗೆ ಏಟು ಬಿದ್ದಿದ್ರೆ ನಮಗೆ ಗೊತ್ತಾಗ್ಬೇಕು."

ಗಂಗಪ್ಪ ಅದನ್ನೂ ಒಪ್ಪಿಕೊಳ್ಳುವವನಂತೆ ತಲೆ ತಗ್ಗಿಸಿದ. ಹನುಮವ್ವನಿಗೆ ನೋಡಲಾಗಲಿಲ್ಲ.

"ನಾನ್ರೀ ಡಾಕ್ಟ್ರೇ, ಕುಡಿಯಾಕಿ ನಾನು. ಅವಂಗ ಯಾಕ ಬೈತೀರಿ?" ಎಂದಳು.

ಡಾಕ್ಟರು ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ಬಿಟ್ಟರೆ ಹೀಗೆ ಫಿಟ್ಸ್ ಬರುತ್ತದೆ, ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತದೆ, ಜೀವ ಹೋಗುವುದೂ ಇದೆ ಎಂದು ಬಿಡಿಸಿ ಹೇಳಿದರು. "ಬಿಟ್ಟಿದ್ದು ಒಳ್ಳೇದೇ ಅಮ್ಮ. ಬಿಟ್ಟ ರೀತಿ ತಪ್ಪು."

"ಕುಡುದ್ರೂ ತಪ್ಪು, ಬಿಟ್ರೂ ತಪ್ಪಂದ್ರ ಮನಶಾ ಏನ್ ಮಾಡ್ಬೇಕ್ರಿ?"

"ನಮ್ಮ ಹತ್ರ ಬಂದು ಬಿಡ್ಬೇಕು."

ಕುಡಿತ ಬಿಡಿಸುವ ವಾರ್ಡಿನಲ್ಲಿ ಇದ್ದವರೆಲ್ಲ ಗಂಡಸರು. ಹನುಮವ್ವನನ್ನು ಹೆಂಗಸರ ಸಾಮಾನ್ಯ ವಾರ್ಡಿನಲ್ಲಿ, ಅಪೆಂಡಿಕ್ಸ್ ಆಪರೇಷನ್ ಆದವಳೊಬ್ಬಳ ಪಕ್ಕ ಮಲಗಿಸಿದರು. ನಿನಗೇನು ಎಂದು ಅವಳು ಕೇಳಿದಾಗ ಹನುಮವ್ವ "ಪಿತ್ತ" ಎಂದಳು.

ಆಸ್ಪತ್ರೆಯಿಂದ ಹೊರಬಂದ ಮೇಲೆ ಮಾತ್ರೆ, ವಾರಕ್ಕೊಮ್ಮೆ ಕುಡಿತ ಬಿಡುವವರ ಸಭೆ. ಸಭೆ ನಡೆಸುತ್ತಿದ್ದ ಆಪ್ತ ಸಮಾಲೋಚಕಿ ನಿವೇದಿತಾ ಒಬ್ಬಳನ್ನು ಬಿಟ್ಟರೆ ಅಲ್ಲೂ ಎಲ್ಲ ಗಂಡಸರೇ. ಮೊದಲ ದಿನ ಅವರು ಹನುಮವ್ವನನ್ನು ಯಾರದೋ ಹೆಂಡತಿ ಎಂದುಕೊಂಡು ಹಿಂದಿನ ಬೆಂಚು ತೋರಿಸಿದರು. ಚಿಕ್ಕಬಾಣಾವರದಿಂದ ಬರುತ್ತಿದ್ದ ಬಸಲಿಂಗ ಎಂಬವನು ಎದ್ದು, ತನ್ನ ಹೆಂಡತಿ ದಿನಾ ಅಳುತ್ತಿದ್ದಳು, ಅವಳ ಕಣ್ಣೀರೇ ತನ್ನನ್ನು ಬದಲಾಯಿಸಿತು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹನುಮವ್ವನ ಸರದಿ ಬಂತು.

"ನನ್ ಗಂಡ ಅಳಂಗಿಲ್ರಿ. ನನ್ ಸಲುವಾಗಿ ಅಂಗಡಿ ಸಾಲಿನಾಗ ನಿಂದರತಿದ್ದ. ಊರೆಲ್ಲ ಅವಂಗ ಕುಡುಕ ಅಂತು" ಎಂದು ಹೇಳಿ ಕೂತಳು.

ಚಪ್ಪಾಳೆ ತಟ್ಟಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

ಇಷ್ಟರಲ್ಲಿ, ತಾಯಿ ಆಸ್ಪತ್ರೆ ಸೇರಿದ್ದು ತಿಳಿದ ಶೈಲಶ್ರೀ ತವರಿಗೆ ಬಾರದೆ ಗಂಡನ ಮನೆಯಲ್ಲೇ ಹೆತ್ತಿದ್ದಳು. ಬಾಣಂತನ ಅತ್ತೆಯೇ ಮಾಡಿದಳು. ತೊಟ್ಟಿಲು ಹಾಕುವ ದಿನ ಬೀಗರಿಂದ ಬಾಯಿಮಾತಿನ ಕರೆಯೂ ಬರಲಿಲ್ಲ. ಆ ದಿನ ಹನುಮವ್ವ ಅಂಗಡಿಗೆ ತಾನೇ ಹೋದಳು. ಗಂಗಪ್ಪ ಬಾಗಿಲಿಗೆ ಅಡ್ಡ ನಿಂತ, ಆಮೇಲೆ ಸರಿದ.

ಮಾರನೆಯ ದಿನ ಬೈಗುಳ ತಿನ್ನಲು ತಯಾರಾಗಿಯೇ ನಿವೇದಿತಾಳ ಮುಂದೆ ಹೋಗಿ ಕೂತಳು.

"ಊಟ ಮಾಡಿದ್ರಾ ಅಮ್ಮ?"

"ಹ್ಞೂಂ."

"ಮಾತ್ರೆ?"

"ಬಿಟ್ಟಿದ್ನಿ."

"ಸರಿ, ಇವತ್ತು ಡಾಕ್ಟ್ರನ್ನ ನೋಡಿ ಮತ್ತೆ ಶುರು ಮಾಡೋಣ."

ಇಷ್ಟೇನಾ ಎಂದು ಹನುಮವ್ವನಿಗೆ ಕೊಂಚ ಮೋಸವಾದಂತಾಯಿತು. ಆದರೂ ಮಾತ್ರೆ ತಗೊಂಡಳು. ಆಮೇಲೆ ಕುಡಿಯಲಿಲ್ಲ.

ಗಂಗಪ್ಪ ಸಾಲಿನಲ್ಲಿ ಕಾಣಿಸುತ್ತಿಲ್ಲವೆಂಬುದು ನಿಧಾನವಾಗಿ ವಠಾರದ ಗಮನಕ್ಕೆ ಬಂತು. ಗಂಗಪ್ಪ ಕುಡಿತ ಬಿಟ್ಟನಂತೆ ಎಂಬ ಸುದ್ದಿ ಬೀದಿ ದಾಟಿತು. ಮರಿಯಮ್ಮ ತಟ್ಟೆ ತುಂಬ ಕೇಸರಿಬಾತ್ ತಂದು, "ನಿನ್ ತಾಳ್ಮೆ ದೊಡ್ದು ಕಣಮ್ಮ" ಎಂದು ಹನುಮವ್ವನ ಕೈ ಹಿಡಿದಳು. ಜೊತೆಗೆ ಗಂಡ ಮುನಿಯಣ್ಣನನ್ನೂ ಕರೆತಂದಿದ್ದಳು. ಮುನಿಯಣ್ಣ ಬೆಳಿಗ್ಗೆಯಿಂದಲೇ ಕುಡಿಯುವವನು. "ಗಂಗಪ್ಪಣ್ಣ, ಇವ್ರಿಗೂ ಒಸಿ ಬುದ್ಧಿ ಹೇಳಣ್ಣ."

ಗಂಗಪ್ಪ ಯೋಚಿಸಿ, "ನೀರು ಜಾಸ್ತಿ ಕುಡೀರಿ" ಎಂದ.

"ಕುಡೀತೀನಿ. ಬೆಳಿಗ್ಗೆ ಕೈ ನಡುಗ್ತದಲ್ಲ, ಅದಕ್ಕೇನ್ ಮಾಡ್ದೆ?" ಎಂದ ಮುನಿಯಣ್ಣ.

ಗಂಗಪ್ಪ ಹೆಂಡತಿಯ ಮುಖ ನೋಡಿದ.

"ನಡುಗತೈತಂತ ಒಮ್ಮೆಗೇ ಬಿಡಬ್ಯಾಡ್ರಿ ಅಣ್ಣಾರ, ಜೀವಕ್ಕ ಕುತ್ತು. ಮೊದ್ಲು ಡಾಕ್ಟ್ರಿಗೆ ತೋರಿಸ್ರಿ" ಎಂದಳು ಹನುಮವ್ವ. ಆಮೇಲೆ ಹೇಳಿಯೇಬಿಟ್ಟಳು. "ಇವರು ಎಂದೂ ಕುಡುದವರಲ್ರಿ. ಕುಡೀತಿದ್ದಾಕಿ ನಾನು."

ಮರಿಯಮ್ಮನ ಕಣ್ಣು ತುಂಬಿ ಬಂತು. "ನೋಡಿದ್ರಾ? ಗಂಡನ ಮಾನ ಉಳ್ಸಕ್ಕೆ ಎಂಥಾ ಮಾತಾಡ್ತಾಳೆ! ಇಂಥಾ ಹೆಂಡ್ತಿ ಸಿಗಬೇಕು."

ಹನುಮವ್ವ ಇನ್ನೊಮ್ಮೆ ಹೇಳಿದಳು. ಮರಿಯಮ್ಮ ಇನ್ನಷ್ಟು ಅತ್ತಳು.

ಮುನಿಯಣ್ಣ ಮಾತ್ರ ಅಳಲಿಲ್ಲ. ಹನುಮವ್ವನನ್ನೇ ನೋಡುತ್ತಿದ್ದು ತಗ್ಗಿದ ದನಿಯಲ್ಲಿ, "ಮೊದಲನೇ ಗುಟುಕು ನಿಲ್ತಿತ್ತಾ ಹೊಟ್ಟೇಲಿ?" ಎಂದು ಕೇಳಿದ.

"ಇಲ್ರಿ. ವಾಂತಿ ಆಗ್ತಿತ್ತು. ಎರಡನೇದು ನಿಲ್ತಿತ್ತು."

ಅವನು ತಲೆಯಾಡಿಸಿದ. ಮುಂದಿನ ಸಭೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ ಸ್ಟಾಪಿನಲ್ಲಿ ಅವಳಿಗಿಂತ ಮೊದಲೇ ಬಂದು ನಿಂತಿದ್ದ.

ಶೈಲಶ್ರೀ ಮಗುವನ್ನು ಕರೆದುಕೊಂಡು ಯುಗಾದಿಗೆ ಬಂದಳು. ಬಂದವಳೇ ತಾಯಿಯ ಹತ್ತಿರ ನಿಂತು, ತೋಳಿನಲ್ಲಿದ್ದ ಮಗುವಿಗೆ ಮುತ್ತು ಕೊಡುವವಳಂತೆ ಬಗ್ಗಿ, ತಾಯಿಯ ಬಾಯಿಯ ವಾಸನೆ ನೋಡಿದಳು. ಹನುಮವ್ವನಿಗೆ ಅದು ಗೊತ್ತಾಯಿತು. ಅವಳು ಮುಖ ತಿರುಗಿಸಲಿಲ್ಲ, ಸರಿಯಾಗಿ ನೋಡಿಕೊಳ್ಳಲಿ ಎಂದು ಉಸಿರು ಬಿಟ್ಟಳು. ಶೈಲಶ್ರೀ ಮಗುವನ್ನು ಅವಳ ಮಡಿಲಿಗೆ ಹಾಕಿ ಸ್ನಾನಕ್ಕೆ ಹೋದಳು. ಮಗು ಅಜ್ಜಿಯ ಮೂಗುಬೊಟ್ಟು ಹಿಡಿದು ಎಳೆಯಿತು. ಬಿಡಿಸಿಕೊಳ್ಳಲು ಗಂಗಪ್ಪನನ್ನು ಕೂಗಬೇಕಾಯಿತು.