ಒಂದು ಬೆರಳು ಕೊಯ್ದ ಸನಾದಿ

ಸಿದ್ರಾಯ ಭೀಮಪ್ಪ ವಾಜಂತ್ರಿ, ವಯಸ್ಸು ಅರವತ್ತೊಂದು, ಗೋಕಾಕ ತಾಲೂಕಿನ ಧುಪದಾಳದವರು. ಹೆಂಡತಿ ಸಾತವ್ವ, ತಮ್ಮ ಅಲ್ಲಪ್ಪ, ಮೂಡಲಗಿಗೆ ಕೊಟ್ಟ ಮಗಳು ಶೀತಲ್. ತಂದೆ ಭೀಮಪ್ಪ ಒಂದೇ ಮರದಿಂದ, ಒಂದೇ ಶ್ರುತಿಗೆ ಎರಡು ಸನಾದಿ ಮಾಡಿಸಿ ಮಕ್ಕಳಿಬ್ಬರಿಗೆ ಹಂಚಿದ್ದರು. ಸಿದ್ರಾಯ ರಾಗ ನುಡಿಸಬೇಕು. ಅಲ್ಲಪ್ಪ ಒಂದೇ ಸ್ವರ ಹಿಡಿದು ಶ್ರುತಿ ಕೊಡಬೇಕು. ಹುಕ್ಕೇರಿ, ಮೂಡಲಗಿ, ಬೆಲ್ಲದ ಬಾಗೇವಾಡಿಯ ಮದುವೆಗಳಲ್ಲಿ ನಲವತ್ತು ವರ್ಷ ಇಬ್ಬರೂ ಹಂದರದ ಬಾಗಿಲಲ್ಲಿ ನಿಂತು ನುಡಿಸಿದರು. ಒಳಗೆ ಬಂದು ಕೂಡಿರೆಂದು ಯಾರೂ ಹೇಳಲಿಲ್ಲ.

ಮೂರು ವರ್ಷಗಳ ಹಿಂದೆ ಗೋಕಾಕದಲ್ಲಿ ವಾದ್ಯವೃಂದದ ಸಂಗೀತ ಕಚೇರಿ ನಿಗದಿಯಾಯಿತು. ಮೂವತ್ತು ಜನರ ತಂಡ, ಮೂವರು ಅತಿಥಿ ಕಲಾವಿದರು: ಪುಣೆಯ ಪಿಟೀಲುವಾದಕರು, ಧಾರವಾಡದ ಸಿತಾರವಾದಕಿ, ಮೂರನೆಯವರು ಸಿದ್ರಾಯ. ಸಮಿತಿಯ ಸೋಮಲಿಂಗ ಮನೆಗೆ ಬಂದು ಆಮಂತ್ರಣ ಪತ್ರಿಕೆ ಕೊಟ್ಟ. ಅದರಲ್ಲಿ ಸಿದ್ರಾಯರ ಹೆಸರಿನ ಮುಂದೆ ‘ಶ್ರೀ’ ಎಂದಿತ್ತು.

“ಕುಂತು ಬಾರಿಸೂದೋ, ನಿಂತು ಬಾರಿಸೂದೋ?” ಎಂದು ಸಿದ್ರಾಯ ಕೇಳಿದರು.

“ನಡುವ ಖುರ್ಚಿ ಹಾಕತೀವ್ರಿ ಕಾಕಾ.”

ಚಹಾ ತಂದ ಸಾತವ್ವ, “ನಮ್ಮನ್ಯಾಗ ಖುರ್ಚಿ ಇಲ್ಲ. ರೂಢಿ ಆಗಾಕ ಒಂದು ಕಳಿಸಿಕೊಡ್ರಿ” ಎಂದರು. ಸೋಮಲಿಂಗ ನಕ್ಕ. ಸಿದ್ರಾಯ ನಗಲಿಲ್ಲ.

ಮೊದಲ ತಾಲೀಮಿನಲ್ಲಿಯೇ ತಂಡದ ನಿರ್ದೇಶಕರು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. “ನಿಮ್ಮ ಸನಾದಿ ಅರ್ಧ ಸ್ವರ ಕೆಳಗಿದೆ. ಮೂವತ್ತು ವಾದ್ಯಗಳನ್ನು ಇಳಿಸಲಾಗದು. ಬೇರೆ ಸನಾದಿ ತನ್ನಿ.”

ಬೇರೆ ಸನಾದಿ ಇರಲಿಲ್ಲ. ಸಿದ್ರಾಯ ಬಾಯಿಗಿಡುವ ಪೀಪಿಗಳನ್ನು ಎರಡು ದಿನ ಬದಲಿಸಿ ನೋಡಿದರು. ಮೂರನೆಯ ದಿನ ಬಡಿಗರ ಮನೆಗೆ ಹೋಗಿ, ಗಿಡ್ಡಾದರೆ ಸ್ವರ ಏರುತ್ತದೆಂದು ಸನಾದಿಯ ತುದಿಯನ್ನು ಒಂದು ಬೆರಳಗಲ ಗರಗಸದಿಂದ ಕೊಯ್ಯಿಸಿದರು. ಯಾರೂ ಒತ್ತಾಯಿಸಿರಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ಕೇಳಿದ್ದರೆ ತಮ್ಮ ಬೇಡವೆನ್ನುತ್ತಿದ್ದ, ಅದಕ್ಕೇ ಕೇಳಲಿಲ್ಲ.

ಎರಡನೆಯ ತಾಲೀಮಿನಲ್ಲಿ ಸ್ವರ ಕೂಡಿತು. ಬರಿದಾದ ಸಭಾಂಗಣದೆದುರು, ಖುರ್ಚಿಯ ಮೇಲೆ ಕುಳಿತು, ಅವರು ತಮ್ಮ ಭಾಗವನ್ನು ಪೂರ್ತಿ ನುಡಿಸಿದರು.

ಕಚೇರಿಯ ದಿನ ಉದ್ಘಾಟನೆಗೆ ಬಂದ ಸಾಹೇಬರ, ಸಮಿತಿಯವರ ಭಾಷಣಗಳು ಬೆಳೆದವು. ಪುಣೆಯವರಿಗೆ ಜನ ಮತ್ತೆ ಮತ್ತೆ ಚಪ್ಪಾಳೆ ತಟ್ಟಿದರು. ಹೊಸ ರುಮಾಲು ಸುತ್ತಿಕೊಂಡು ಪರದೆಯ ಹಿಂದೆ ಕಾಯುತ್ತಿದ್ದ ಸಿದ್ರಾಯರ ಬಳಿ ಸೋಮಲಿಂಗ ಬಂದ.

“ಕಾಕಾ, ಟೈಮ್ ಉಳೀಲಿಲ್ರಿ. ಸಾಹೇಬ್ರು ಹೊಂಟಾರ. ಬಾಗಲದಾಗ ನಿಂತು ಒಂದೀಟು ಬಾರಿಸ್ರಿ.”

“ಖುರ್ಚಿ?”

“ಮುಂದಿನ ಸಲ ನೋಡೂಣ್ರಿ.”

ನಲವತ್ತು ವರ್ಷದ ರೂಢಿಯ ಕಾಲುಗಳು ಬಾಗಿಲಿಗೆ ನಡೆದವು. ಅವರು ನಿಂತು ನುಡಿಸಿದರು.

ಮುಂದಿನ ವಾರ ಮಮದಾಪುರದಲ್ಲಿ ಮದುವೆ. ಅಣ್ಣ ತಮ್ಮ ಊದಿದ ಮೊದಲ ಸ್ವರಕ್ಕೇ ಬೀಗರ ಕಡೆಯ ಹಿರಿಯರೊಬ್ಬರು, “ಮನ್ಯಾಗ ಜಗಳಾಡಿ ಬಂದೀರೇನ್ರಿ ಇಬ್ಬರೂ?” ಎಂದರು. ಹಂದರವೆಲ್ಲ ನಕ್ಕಿತು. ಅಲ್ಲಪ್ಪ ಅಣ್ಣನ ಸನಾದಿ ತೆಗೆದುಕೊಂಡು ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

“ಯಾವಾಗ ಕೊಯ್ದಿ?”

“ಕಚೇರಿಗೆ. ನಿಂದೂ ಒಂದು ಬೆರಳು ಕೊಯ್ದರ ಕೂಡತಾವ.”

“ನಿಂದು ನೀ ಕೊಯ್ದಿ, ಅಣ್ಣಾ. ಇದು ಅಪ್ಪಂದೈತಿ.”

ಅಲ್ಲಪ್ಪ ತನ್ನ ಸನಾದಿಯನ್ನು ಚೀಲಕ್ಕೆ ಹಾಕಿ ಬಸ್ಸು ಹತ್ತಿದ. ಆಮೇಲೆ ಅವರಿಬ್ಬರೂ ಜೊತೆಯಾಗಿ ನಿಲ್ಲಲಿಲ್ಲ. ಶ್ರುತಿಯಿಲ್ಲದ ಸನಾದಿಯನ್ನು ಯಾರೂ ಕರೆಯಲಿಲ್ಲ. ಸಿದ್ರಾಯ ತಪ್ಪಾಯಿತೆಂದು ಹೇಳಲೂ ಇಲ್ಲ. ಕಳೆದ ಶ್ರಾವಣದಲ್ಲಿ ಎದೆಯ ಬೇನೆಯಿಂದ ತೀರಿಕೊಂಡರು. ಮನೆಯಿಂದ ಮಣ್ಣಿನವರೆಗೂ ಅಲ್ಲಪ್ಪ ಮುಂದೆ ನಡೆಯುತ್ತ ತನ್ನ ಒಂದೇ ಸ್ವರವನ್ನು ಊದಿದ. ಅದರ ಮೇಲೆ ರಾಗವಿರಲಿಲ್ಲ.

ಸಿದ್ರಾಯ ಬಿಟ್ಟುಹೋದ ವಸ್ತುಗಳು:
ಕೊಯ್ದ ಸನಾದಿ, ಒಂದು.
ಪೀಪಿಗಳು, ನಾಲ್ಕು, ಒಂದು ಸೀಳಿದ್ದು.
ಒಂದೇ ಸಲ ಸುತ್ತಿದ ರುಮಾಲು.
‘ಶ್ರೀ’ ಇರುವ ಆಮಂತ್ರಣ ಪತ್ರಿಕೆ.
ಅರಿವೆಯಲ್ಲಿ ಕಟ್ಟಿಟ್ಟ ಮರದ ಬಳೆ, ಒಂದು ಬೆರಳಗಲದ್ದು. ಅದನ್ನು ಅಲ್ಲಪ್ಪ ಕೇಳಿ ಒಯ್ದಿದ್ದಾನೆ.