ಒಂದನ್ನೂ ಬಿಡದ ಮೇಷ್ಟ್ರು

ಹತ್ತಾರು ಅಧ್ಯಯನಗಳನ್ನು ಕೂಡಿಸಿ ಒಂದೇ ಉತ್ತರ ತೆಗೆಯುವ ಮೆಟಾ-ಅನಾಲಿಸಿಸ್ ತರಬೇತಿ ನಾಳೆ ಎಂದರೆ ನಮ್ಮ ಸಂಖ್ಯಾಶಾಸ್ತ್ರದ ಮೇಷ್ಟ್ರು ಇಂದೇ ಕಾಲಿಗೆ ಚಕ್ರ ಕಟ್ಟಿಕೊಂಡಿರುತ್ತಾರೆ. ಕುರ್ಚಿಗಳನ್ನು ಸಾಲಾಗಿ ಇಡಿಸಿ, ವೃತ್ತವಾಗಿ ಇಡಿಸಿ, ಮತ್ತೆ ಸಾಲಿಗೇ ತರುತ್ತಾರೆ. ಪರದೆ ಕಾಣುತ್ತದೆಯೇ ಎಂದು ಹಿಂದಿನ ಸಾಲಿನಲ್ಲಿ ನನ್ನನ್ನು, ಕಸ ಗುಡಿಸುವಾಕೆಯನ್ನು, ದಾರಿತಪ್ಪಿ ಬಂದ ಕೊರಿಯರಿನವನನ್ನೂ ಕೂರಿಸಿ ಕೇಳುತ್ತಾರೆ. "ಒಬ್ಬರ ಮಾತು ನಂಬ್ಕೊಂಡ್ರೆ ಕೆಟ್ವಿ ಕಣ್ರೀ! ಎಲ್ಲಾನೂ ಸೇರಿಸ್ಬೇಕು. ಹಿಡಿಸದೇ ಇರೋದನ್ನ ಬಿಟ್ರೆ ಅದು ಲೆಕ್ಕ ಅಲ್ಲ, ಆಸೆ" ಎಂಬುದು ಅವರ ಪಲ್ಲವಿ, ಮೈಕು ಪರೀಕ್ಷಿಸುವುದೂ ಇದನ್ನೇ ಹೇಳಿ. ಅವರ ಹೆಂಡತಿಯನ್ನು ನೋಡಿದ ಮೂವರು ಡಾಕ್ಟರರಲ್ಲಿ ಇಬ್ಬರು ಕೈಚೆಲ್ಲಿದ್ದರು. ಆಗ ಜೊತೆಗಿದ್ದವನು ನಾನೇ. ಇಂದು ಮೈಕಿನ ತಂತಿ ಸುತ್ತುತ್ತ, "ಮನೇಲಿ ಹೇಗಿದ್ದಾರೆ ಸಾರ್?" ಎಂದೆ. ಸಾಲಿನ ಕುರ್ಚಿಯನ್ನು ಮತ್ತೆ ವೃತ್ತಕ್ಕೆ ಎಳೆಯುತ್ತಲೇ ಅಂದರು: "ಗುಣ ಆಗತ್ತೆ ಅಂದ್ರಲ್ಲ, ಆ ಮೂರನೇ ಡಾಕ್ಟ್ರು."